ತಂಗಿಯನ್ನು ಕರೆತರಲು ಹೋದದ್ದು

ಹೋಗುವಾಗ ಒಬ್ಬಳು, ಬರುವಾಗ ಮೂವರು. ವಿಮಾನದ ಟಿಕೆಟ್ಟು ಕೈಗೆ ಬರುವ ಮೊದಲೇ ನಾನು ಇದನ್ನು ಗಟ್ಟಿ ಮಾಡಿಕೊಂಡಿದ್ದೆ. ಚಾಮರಾಜನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ತುಂಬಿದ್ದ ಖಾಲಿ ಗೋಣಿಚೀಲಗಳನ್ನು ಕೆಳಗಿಳಿಸಿ, ಸುಣ್ಣ ಹೊಡೆಸಿ, ಎರಡು ಮಂಚ ಹಾಕಿಸಿದ್ದೆ. ಒಂದು ತಂಗಿಗೆ, ಇನ್ನೊಂದು ಅವಳ ಮಗಳಿಗೆ. ನಾನು ಕನ್ನಡ ಪಾಠ ಮಾಡುತ್ತಿದ್ದ ಹೈಸ್ಕೂಲಿನ ಹತ್ತಿರವೇ ಇದ್ದ ಕಾನ್ವೆಂಟಿನಲ್ಲಿ ಮಗುವಿಗೊಂದು ಸೀಟಿಗೆ ಹೇಳಿಟ್ಟಿದ್ದೆ. ಒಂದು ನರ್ಸಿಂಗ್ ಹೋಮಿನ ಡಾಕ್ಟರರನ್ನು ಕಂಡು, "ಫಾರಿನ್ನಲ್ಲಿ ಕೆಲ್ಸ ಮಾಡ್ದೋಳು ಸಾರ್, ನಿಮ್ಮ ಅದೃಷ್ಟ" ಎಂದು, ಅವರಿಗೇ ಉಪಕಾರ ಮಾಡುವವಳ ಹಾಗೆ ಮಾತಾಡಿ ಬಂದಿದ್ದೆ.

ನನ್ನ ಯಜಮಾನರದು ಅರಿಸಿನದ ಮಂಡಿ. ಅವರದು ಮಾತು ಕಡಿಮೆ. ಆಡಿದರೆ ಒಂದೇ ಮಾತು, ಅದೂ ಚುಚ್ಚುವ ಜಾಗಕ್ಕೇ ಸರಿಯಾಗಿ. ಮಂಚ ಜೋಡಿಸುವುದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದವರು, "ಅವಳ್ನ ಒಂದ್ ಮಾತು ಕೇಳಿದ್ದೀಯಾ?" ಅಂದರು.

"ಕೇಳದೇನು? ನನ್ ತಂಗಿ" ಅಂದೆ.

"ಅದ್ಕೇ ಕೇಳ್ದೆ" ಅಂದು, ಅಂಗಿ ತೊಟ್ಟು ಮಂಡಿಗೆ ಹೊರಟುಹೋದರು. 

ನಾವು ಹುಟ್ಟಿದ್ದು ಗುಂಡ್ಲುಪೇಟೆಯಲ್ಲಿ. ಅಪ್ಪ ಊಟಿ ರಸ್ತೆಯಲ್ಲಿ ಒಂದು ಬಟ್ಟೆ ಅಂಗಡಿ ಇಟ್ಟಿದ್ದ. ನಾವಿಬ್ಬರೇ ಮಕ್ಕಳು, ನನಗೂ ಅವಳಿಗೂ ಬಹಳ ಅಂತರ. ಅವಳು ಇನ್ನೂ ಅಂಬೆಗಾಲಿಡುವಾಗಲೇ ಅವ್ವ ಹೋದಳು. ತಂಗಿಯ ತಲೆ ಬಾಚಿದ್ದು, ಹೇನು ಹೆಕ್ಕಿದ್ದು, ಸ್ಕೂಲಿಗೆ ದಬ್ಬಿದ್ದು, ಹಟ ಮಾಡಿದಾಗ ಬೆನ್ನಿಗೆ ನಾಲ್ಕು ಬಿಟ್ಟದ್ದು ಎಲ್ಲ ನಾನೇ. ನನಗೆ ಮಕ್ಕಳಾಗಲಿಲ್ಲ. ಅದನ್ನು ಯಾರಾದರೂ ಎತ್ತಿ ಆಡಿದರೆ, "ನನ್ ಮಗಳು ಮೈಸೂರಲ್ಲಿ ನರ್ಸಿಂಗ್ ಓದ್ತಾ ಅವಳೆ" ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಅಂಗಡಿಗೆ ಬರುತ್ತಿದ್ದ ಮಲಯಾಳಿ ಗಿರಾಕಿಗಳ ಹೆಣ್ಣುಮಕ್ಕಳೆಲ್ಲ ನರ್ಸಿಂಗ್ ಸೇರುವುದನ್ನು ನೋಡಿಯೇ ಅವಳೂ ಅದನ್ನು ಓದಿದ್ದು. ಆಮೇಲೆ ಹತ್ತಿರದ ಹಳ್ಳಿ ಉಡಿಗಾಲದ ಹುಡುಗನಿಗೆ ಕೊಟ್ಟು ಮದುವೆ ಮಾಡಿದೆವು. ನಮ್ಮವರೇ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದವನು, ಮೃದು ಮನುಷ್ಯ. ಅವಳ ಜೊತೆ ಓದಿದ ವಯನಾಡಿನ ಗೆಳತಿಯರು ಒಬ್ಬೊಬ್ಬರಾಗಿ ಐರ್ಲೆಂಡಿಗೆ ಹೊರಟರು. ಅಲ್ಲಿಯ ಆಸ್ಪತ್ರೆಗಳಿಗೆ ನರ್ಸುಗಳು ಬೇಕಾಗಿದ್ದರಂತೆ. ಇವಳೂ ಹೊರಟಳು. ಮಗುವನ್ನು ಎತ್ತಿಕೊಂಡು ಗಂಡ ಹಿಂದಿನಿಂದ ಹೋದ. ನಮ್ಮ ಕಡೆ ಅದನ್ನು ಹೇಳಿಕೊಂಡು ನಗದವರಿಲ್ಲ. ಹೆಂಡತಿ ದುಡಿಯಲು ಹೋದಳು, ಗಂಡ ಕೂಸು ಹೊತ್ತುಕೊಂಡು ಹೋದ ಅಂತ.

ಅಲ್ಲಿಗೆ ಹೋಗಿ ನೆಲೆ ನಿಲ್ಲುವಷ್ಟರಲ್ಲಿ ಒಂದು ಚಳಿಗಾಲ ಅವನು ಸತ್ತ. ಬೆಳಿಗ್ಗೆ ಬಸ್ಸಿಗೆ ಕಾಯುತ್ತ ನಿಂತವನು ನಿಂತ ಹಾಗೇ ಕುಸಿದನಂತೆ. ಹೃದಯ. ನಲವತ್ತು ತುಂಬಿರಲಿಲ್ಲ. ದೇಹ ಊರಿಗೆ ಬರುತ್ತದೆಂದು ಉಡಿಗಾಲದಲ್ಲಿ ಅವನ ಮನೆಯವರು ಹೊಲದಲ್ಲಿ ಜಾಗ ನೋಡಿಕೊಂಡು ಕಾದರು. ಬರಲಿಲ್ಲ. ತಂಗಿ ಫೋನ್ ಮಾಡಿ, "ಇಲ್ಲೇ ಮಣ್ಣು ಮಾಡ್ಬುಟ್ಟೆ ಕಣಕ್ಕ" ಅಂದಳು. ಎಲ್ಲ ಮುಗಿದ ಮೇಲೆ ಅಂದಳು. ಗಂಡ ಸತ್ತವಳಿಗೆ ಸಮಾಧಾನ ಹೇಳುವುದು ಬಿಟ್ಟು ನಾನು, "ಯಾರ್ನ ಕೇಳಿ ಮಾಡ್ದೆ?" ಎಂದು ಕೂಗಾಡಿದೆ. ಅವಳು ಫೋನ್ ಇಟ್ಟುಬಿಟ್ಟಳು. ಕೇಳಿದವರಿಗೆಲ್ಲ ಅಲ್ಲಿಯ ಕಾನೂನೇ ಹಾಗಂತೆ ಎಂದು ನಾನೇ ಒಂದು ಕಥೆ ಕಟ್ಟಿ ಹೇಳಿಕೊಂಡು ತಿರುಗಿದೆ.

ಪಾಸ್‌ಪೋರ್ಟು, ವೀಸಾ, ಬೇಸಿಗೆ ರಜೆ ಎಲ್ಲ ಕೂಡಿಬರುವಷ್ಟರಲ್ಲಿ ವರ್ಷ ತುಂಬಿಹೋಗಿತ್ತು. ಹೊರಡುವ ವಾರ ತಂಗಿಯ ಅತ್ತೆ ಉಡಿಗಾಲದಿಂದ ಬಸ್ಸಿನಲ್ಲಿ ಬಂದರು. ಒಳಗೆ ಬನ್ನಿ ಅಂದರೂ ಬಾರದೆ ಜಗಲಿಯ ಮೇಲೇ ಕೂತು, ಚೀಲದಿಂದ ಎರಡು ಗಂಟು ತೆಗೆದರು. ಒಂದರಲ್ಲಿ ವಿಭೂತಿ ಗಟ್ಟಿ, ಇನ್ನೊಂದರಲ್ಲಿ ಅವರ ಹೊಲದ ಕೆಂಪು ಮಣ್ಣು.

"ಇದ ಅವ್ನ ಮ್ಯಾಲೆ ಉಯ್ಬುಡು ಕಣವ್ವ. ನಮ್ ಮಣ್ಣು ಮುಟ್ದಂಗಾಯ್ತದೆ."

"ಆಗ್ಲಿ ಕಣತ್ತೆ" ಅಂದೆ.

"ಕೂರ್ಸಿದ್ರಂತಾ, ಮಲಗ್ಸಿದ್ರಂತಾ?"

ನಮ್ಮ ಜನ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಕಾಲು ಮಡಿಸಿ ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು, ಸುತ್ತ ವಿಭೂತಿ ಪತ್ರೆ ತುಂಬಿ, ಸ್ವಂತ ಹೊಲದಲ್ಲೇ ಮಣ್ಣು ಕೊಡುತ್ತಾರೆ. ಗಂಡನ ಪಕ್ಕದಲ್ಲಿ ಹೆಂಡತಿಗೆ ಜಾಗ. ಅಲ್ಲಿ ಪೆಟ್ಟಿಗೆಯೊಳಗೆ ಮಲಗಿಸಿಯೇ ಹೂಳಿರುತ್ತಾರೆಂದು ನನಗೆ ಗೊತ್ತಿತ್ತು. "ಗೊತ್ತಿಲ್ಲ ಕಣತ್ತೆ" ಅಂದೆ.

ಆಕೆ ನನ್ನ ಮುಖ ನೋಡಿ ತಿಳಿದುಕೊಂಡರು. "ನಮ್ ಮನೆಯವ್ರ ಪಕ್ಕ ನಂಗೆ ಜಾಗ ಮಡಗವ್ರೆ. ನನ್ ಮಗನ್ ಪಕ್ಕ ಯಾರವ್ವ ಅವ್ರೆ? ಗುರ್ತಿಲ್ದೋರ ಮದ್ಯೆ ಒಬ್ನೇ ಬಿದ್ದವ್ನೆ" ಎಂದು ಸೆರಗಿನಿಂದ ಕಣ್ಣೊತ್ತಿಕೊಂಡರು. ಹೋಗುವಾಗ ನನ್ನ ಎರಡೂ ಕೈ ಹಿಡಿದು, "ಅವ್ಳನ್ನೂ ಕೂಸ್ನೂ ಕರ್ಕಬಂದ್ಬುಡು ಕಣವ್ವ. ಇರೋರಾದ್ರೂ ಮನ್ಗೆ ಬರ್ಲಿ" ಅಂದರು.

"ಬಿಟ್ ಬರಲ್ಲ" ಅಂದೆ. ಅಷ್ಟು ಧೈರ್ಯವಾಗಿ ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ.

ನಾನು ಒಬ್ಬಳೇ ಮಾಡಿದ ದೊಡ್ಡ ಪ್ರಯಾಣವೆಂದರೆ ಅಲ್ಲಿಯವರೆಗೆ ಚಾಮರಾಜನಗರದಿಂದ ಮೈಸೂರಿನ ರೈಲು. ಅಂಥವಳು ಬೆಂಗಳೂರಿನ ಹಳೇ ವಿಮಾನ ನಿಲ್ದಾಣದಲ್ಲಿ ಯಜಮಾನರ ಕೈ ಬಿಟ್ಟು ಒಳಗೆ ಹೋದೆ. ಮಧ್ಯದಲ್ಲಿ ಒಂದು ಕಡೆ ವಿಮಾನ ಬದಲಿಸಬೇಕಿತ್ತು. ಕೈಯಲ್ಲಿದ್ದ ಟಿಕೆಟ್ಟನ್ನು ಕಂಡಕಂಡವರಿಗೆ ತೋರಿಸುತ್ತ, ಚಲಿಸುವ ಮೆಟ್ಟಿಲನ್ನು ಕಂಡರೆ ಸುತ್ತು ಹಾಕಿ ಹೋಗುತ್ತ, ತಂದಿದ್ದ ಚಪಾತಿ ಚಟ್ನಿಪುಡಿಯನ್ನು ಯಾರೂ ನೋಡದ ಮೂಲೆ ಹುಡುಕಿ ತಿನ್ನುತ್ತ ಹೇಗೋ ಹೋಗಿ ಮುಟ್ಟಿದೆ. ಭಯವಾಗಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ಇಲ್ಲ. ತಲೆಯಲ್ಲಿ ಒಂದೇ ಯೋಚನೆ ಇದ್ದುದರಿಂದ ಭಯಕ್ಕೆ ಜಾಗವಿರಲಿಲ್ಲ.

ಇಳಿದ ಕಡೆ ಒಂದು ಬೋರ್ಡು ಹಾಕಿದ್ದರು. ಗಿಡ, ಮಾಂಸ, ಮಣ್ಣು ತಂದಿದ್ದರೆ ತಿಳಿಸಿ ಎಂದು ಬರೆದಿತ್ತು. ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋಗುತ್ತೆ? ಬರೆದದ್ದನ್ನು ಓದಿದೆ, ಓದಿದ ಹಾಗೆ ಮಾಡಿದೆ. ನೆಟ್ಟಗೆ ಹೋಗಿ ಕೆಂಪು ಮುಖದ ಒಬ್ಬ ಅಧಿಕಾರಿಯ ಮುಂದೆ ಎರಡೂ ಗಂಟು ಬಿಚ್ಚಿಟ್ಟೆ. ಅವನು ಮಣ್ಣಿನ ಕಡೆ ನೋಡಲೇ ಇಲ್ಲ, ಬಿಳಿ ವಿಭೂತಿ ಗಟ್ಟಿ ನೋಡಿ ಹೌಹಾರಿದ. ಇನ್ನಿಬ್ಬರನ್ನು ಕರೆದ. ಮೂಸಿದರು, ಕೆರೆದರು, ಅದೇನೋ ಕಾಗದದಲ್ಲಿ ಒರೆಸಿ ಯಂತ್ರದೊಳಗೆ ಇಟ್ಟರು. ನನಗೆ ರೇಗಿಹೋಯಿತು. ಬೆರಳು ಒದ್ದೆ ಮಾಡಿಕೊಂಡು, ಗಟ್ಟಿಗೆ ತಿಕ್ಕಿ, ಅವರೆದುರಿಗೇ ಹಣೆಗೆ ಮೂರು ಬೆರಳು ಎಳೆದು, "ಫಾರ್ ಗಾಡ್" ಅಂದೆ. ಅವರಿಗೆ ನಗು ಬಂತು. ವಿಭೂತಿ ವಾಪಸ್ ಕೊಟ್ಟರು. ಮಣ್ಣನ್ನು ಒಂದು ಹಳದಿ ಕವರಿಗೆ ಸುರಿದು, ಬಾಯಿ ಕಟ್ಟಿ, ಕಸದ ಡಬ್ಬಕ್ಕೆ ಹಾಕಿದರು. "ಅದು ಬರೀ ಮಣ್ಣಪ್ಪ" ಎಂದು ಕನ್ನಡದಲ್ಲೇ ಅಂದೆ. ಕೆಂಪು ಮುಖದವನು ಮೂರು ಸಲ ಕ್ಷಮಿಸಿ ಅಂದ. ಅಷ್ಟು ಮರ್ಯಾದೆಯಾಗಿ ಕಿತ್ತುಕೊಳ್ಳುವವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹೊರಗೆ ತಂಗಿ ನಿಂತಿದ್ದಳು. ಓಡಿ ಹೋಗಿ ತಬ್ಬಿಕೊಂಡು ಅತ್ತು, ಕಣ್ಣೊರೆಸಿಕೊಂಡು ಅವಳ ಮುಖ ನೋಡಿದೆ. ಹಣೆಯಲ್ಲಿ ಕುಂಕುಮ ಇತ್ತು. ಕತ್ತಿನಲ್ಲಿ ತಾಳಿ ಇತ್ತು.  ಏನೋ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಪಕ್ಕದಲ್ಲಿದ್ದ ಮಗು "ದೊಡ್ಡವ್ವ" ಅಂದಿತು. ಆ ದೇಶದ ರಾಗದಲ್ಲಿ ಅಂದಿತು, ಆದರೆ ದೊಡ್ಡವ್ವ ಎಂದೇ ಅಂದಿತು. ಹೇಳಬೇಕೆಂದಿದ್ದ ಮಾತು ನುಂಗಿಕೊಂಡು ಮಗುವನ್ನು ಎತ್ತಿಕೊಂಡೆ.

ಅವಳಿದ್ದದ್ದು ಆ ದೇಶದ ದಕ್ಷಿಣದ ಒಂದು ಊರಿನಲ್ಲಿ. ಮಧ್ಯದಲ್ಲಿ ಹೊಳೆ, ಎರಡು ಕಡೆಗೂ ಗುಡ್ಡ, ಗುಡ್ಡಕ್ಕೆ ಅಂಟಿಕೊಂಡ ಹಾಗೆ ಸಾಲುಸಾಲು ಮನೆ. ಒಂದು ಮನೆಯ ಬಾಗಿಲು ಹಸಿರು, ಪಕ್ಕದ್ದು ಕೆಂಪು, ಅದರ ಪಕ್ಕದ್ದು ಹಳದಿ. ತಂಗಿ ಕೆಲಸಕ್ಕೂ ಮಗು ಸ್ಕೂಲಿಗೂ ಹೋದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ ನಾನು ಒಬ್ಬಳೇ ಹೊರಟುಬಿಡುತ್ತಿದ್ದೆ. ಸೀರೆಯ ಮೇಲೆ ತಂಗಿಯ ದಪ್ಪ ಕೋಟು, ಕಾಲಿಗೆ ಅವಳ ಷೂ. ಕನ್ನಡಿಯಲ್ಲಿ ನೋಡಿಕೊಂಡರೆ ನನಗೇ ನಗು ಬರುತ್ತಿತ್ತು.

ನಾನು ಆ ದೇಶ ನೋಡಲು ಹೋದವಳಲ್ಲ. ಅದರಲ್ಲಿ ಹುಳುಕು ಹುಡುಕಲು ಹೋದವಳು. ತಂಗಿಯ ಮುಂದೆ ಸಂಜೆ ಇಡಲು ದಿನಕ್ಕೊಂದು ತಪ್ಪು ಬೇಕಿತ್ತು. ಮೊದಮೊದಲು ಸಿಕ್ಕವು. ಬಿಸಿಲು ಬಂತು ಎನ್ನುವಷ್ಟರಲ್ಲಿ ಹೋಗುತ್ತಿತ್ತು. ಅಂಗಡಿಯಲ್ಲಿ ಅರಿಸಿನದ ಪುಡಿಯನ್ನು ಔಷಧಿ ಸೀಸೆಯಷ್ಟು ಸಣ್ಣ ಸೀಸೆಯಲ್ಲಿ ಇಟ್ಟಿದ್ದರು. ಮುಚ್ಚಳ ತೆಗೆದು ಮೂಸಿದರೆ ವಾಸನೆಯೇ ಇಲ್ಲ. ಫೋನಿನಲ್ಲಿ ಯಜಮಾನರಿಗೆ ಹೇಳಿದೆ. "ಹಳೇ ಮಾಲು" ಅಂದರು. ಅದನ್ನೇ ದೊಡ್ಡ ಸಾಕ್ಷಿ ಮಾಡಿಕೊಂಡು, "ನೋಡಮ್ಮಿ, ಒಂದು ಸರಿಯಾದ ಅರಿಸಿನ ಸಿಗಲ್ಲ ಈ ಊರಲ್ಲಿ" ಎಂದು ತಂಗಿಯ ಮುಂದೆ ವಾದ ಹೂಡಿದೆ. "ಅರಿಸಿನಕ್ಕೋಸ್ಕರ ಊರಿಗ್ ಬರ್ಲಾ ಅಕ್ಕ?" ಎಂದು ಅವಳು ನಕ್ಕಳು.

ದಿನ ಕಳೆದ ಹಾಗೆ ತಪ್ಪು ಸಿಗುವುದು ಕಡಿಮೆಯಾಯಿತು. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ, ಸ್ಕೂಲು ಮಕ್ಕಳು ಕೂಡ, ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ನಮ್ಮ ಕಡೆ "ಬೇಗ ಇಳೀರಿ, ಇಳೀರಿ" ಎಂದು ಬೆನ್ನಿಗೆ ಬೈಸಿಕೊಂಡು ಇಳಿದು ಅಭ್ಯಾಸವಾದ ನಾನು ಮೊದಲು ಅವರನ್ನು ನೋಡಿ ನಕ್ಕೆ, ಆಮೇಲೆ ನಾನೂ ಹೇಳತೊಡಗಿದೆ. ಪಕ್ಕದ ಮನೆಯಲ್ಲೊಬ್ಬ ಮುದುಕಿ ಇದ್ದರು. ಬೆಳಿಗ್ಗೆ ಗೇಟಿನ ಹತ್ತಿರ ನಿಂತು, ಮಳೆ ಬೀಳದಿದ್ದರೆ ಸಾಕು, ಎಂಥ ಒಳ್ಳೆಯ ದಿನ ಎಂದು ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ತಂಗಿಯ ಗಂಡ ಸತ್ತಾಗ ಈಕೆಯೇ ಒಂದು ತಿಂಗಳು ಮಗುವನ್ನು ಸ್ಕೂಲಿಗೆ ಕರೆದುಕೊಂಡು ಹೋಗಿ ಬಂದರಂತೆ, ದಿನಾ ಸೂಪು ಮಾಡಿ ತಂದುಕೊಟ್ಟರಂತೆ. ನಾವು ಆ ತಿಂಗಳು ಊರಲ್ಲಿ ಕೂತು ತಂಗಿಯನ್ನು ಬೈಯುತ್ತಿದ್ದೆವು. ಆ ಮುದುಕಿಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಊರು ಕೆಟ್ಟದಾಗಿದ್ದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅದು ಒಳ್ಳೆಯ ಊರು ಎಂದು ಗೊತ್ತಾದಂತೆಲ್ಲ ನನ್ನ ಕೈ ಸೋಲುತ್ತ ಬಂತು.

ರಜೆಯ ದಿನ ತಂಗಿ ನಮ್ಮನ್ನು ರೈಲಿನಲ್ಲಿ ಸಮುದ್ರಕ್ಕೆ ಕರೆದುಕೊಂಡು ಹೋದಳು. ನಾನು ಸಮುದ್ರ ನೋಡಿದ್ದು ಅದೇ ಮೊದಲು. ಬೂದು ಬಣ್ಣದ ನೀರು, ಮೂಳೆ ಕೊರೆಯುವ ಗಾಳಿ. ಮಗು ಷೂ ಬಿಚ್ಚೆಸೆದು ಅಂಥ ನೀರಿಗೆ ಓಡಿತು. ಕಾಗದದ ಪೊಟ್ಟಣದಲ್ಲಿ ಕರಿದ ಆಲೂಗಡ್ಡೆ ಕೊಡಿಸಿದಳು, ಅದರ ಮೇಲೆ ಅದೆಂಥದೋ ಹುಳಿನೀರು ಚಿಮುಕಿಸಿ ಕೊಟ್ಟರು. "ಥೂ, ಆಲೂಗಡ್ಡೆ ಹಾಳು ಮಾಡವ್ರೆ" ಎನ್ನುತ್ತಲೇ ಪೊಟ್ಟಣ ಖಾಲಿ ಮಾಡಿದೆ. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇದೇ ಸಮಯ ಅಂದುಕೊಂಡೆ.

"ಮಹಡಿ ಕೋಣೆಗೆ ಸುಣ್ಣ ಹೊಡ್ಸಿದ್ದೀನಿ ಕಣಮ್ಮಿ. ಮಗೂಗೆ ಸೀಟಿಗೂ ಹೇಳಿದ್ದೀನಿ. ನಿಂಗೂ ಕೆಲಸ ನೋಡಿದ್ದೀನಿ. ಬಂದ್ಬುಡು."

ಅವಳ ನಗು ಅಲ್ಲಿಗೇ ನಿಂತಿತು. "ನೋಡನ ಅಕ್ಕ" ಅಂದಳು.

"ನೋಡದೇನು? ನಾನು ಕರ್ಕೊಂಡೋಗಕ್ಕೇ ಬಂದಿರದು."

"ಗೊತ್ತು" ಅಂದಳು. "ಬಂದ್ ದಿವ್ಸಾನೇ ಗೊತ್ತಾಯ್ತು. ನಿನ್ ಸೂಟ್‌ಕೇಸಲ್ಲಿ ಅರ್ಧ ಖಾಲಿ ಇತ್ತು, ನಮ್ ಬಟ್ಟೆಗೆ ಅಂತ." ಆಮೇಲೆ ಮಗುವನ್ನು ಕರೆಯಲು ಎದ್ದು ಹೋದಳು.

ಅಲ್ಲಿಂದ ನಾನು ಬಿಡಲಿಲ್ಲ. ಒಂದು ಸಂಜೆ ಅಡುಗೆಮನೆಯಲ್ಲಿ ಅವಳು ರಾಗಿಹಿಟ್ಟು ಕಲಸುತ್ತಿದ್ದಳು. ಊರಿನಿಂದ ನಾನೇ ತಂದಿದ್ದ ಹಿಟ್ಟು. ಹೊರಗೆ ಎಂಟು ದಾಟಿದ್ದರೂ ಮಧ್ಯಾಹ್ನದ ಹಾಗೆ ಬೆಳಕಿತ್ತು. ಎಷ್ಟು ದಿನ ನುಂಗಿಕೊಳ್ಳಲಿ? ಕೇಳಿಯೇಬಿಟ್ಟೆ.

"ಹಣೇಲಿ ಅದ್ಯಾಕೆ ಇನ್ನೂ?"

ಅವಳು ಕೋಲು ತಿರುವುವುದನ್ನು ನಿಲ್ಲಿಸಲಿಲ್ಲ. "ಇಲ್ಲಿ ಯಾರೂ ತೆಗಿ ಅನ್ನಲಿಲ್ಲ ಕಣಕ್ಕ. ಅದ್ಕೆ ಐತೆ."

"ಜನ ಏನಂದಾರು?"

"ಯಾವ ಜನ? ಈ ಜನಕ್ಕೆ ಇದೇನು ಅಂತ್ಲೇ ಗೊತ್ತಿಲ್ಲ. ಊರಿಗ್ ಬಂದ್ರೆ ಗೊತ್ತಿರೋ ಜನ ಸಿಗ್ತಾರೆ. ಬಾಗ್ಲಲ್ಲೇ ತೆಗೀತಾರೆ. ಬೇರೆ ಯಾರೋ ಅಲ್ಲ, ನೀನೇ ಕೂರ್ಸ್ಕೊಂಡು ತೆಗೀತೀಯ."

"ನಾನ್ಯಾಕೆ ತೆಗೀಲಿ?" ಎಂದು ಜೋರಾಗಿ ಅಂದೆ.

ತಿರುಗಿ ನನ್ನ ಮುಖವನ್ನೇ ನೋಡಿದಳು. "ತೆಗಿಯಲ್ವಾ?"

 ತೆಗೆಯುತ್ತಿದ್ದೆ. ಅಳುತ್ತ ತೆಗೆಯುತ್ತಿದ್ದೆ, ಬೇರೆಯವರ ಕೈಯಲ್ಲಿ ಆಗುವುದಕ್ಕಿಂತ ನನ್ನ ಕೈಯಲ್ಲೇ ಆಗಲಿ ಎಂದು ಹೇಳಿಕೊಂಡು ತೆಗೆಯುತ್ತಿದ್ದೆ.

ಅವಳು ಒಲೆ ಆರಿಸಿ ಎದುರಿಗೆ ಬಂದು ಕೂತಳು. "ಒಂದ್ ಮಾತು ಹೇಳ್ತೀನಿ, ಕೂಗಾಡ್ಬೇಡ. ಅವರ್ನ ಊರಿಗೆ ಕಳಿಸ್ಬೋದಿತ್ತು. ಇಲ್ಲಿನ ಆಸ್ಪತ್ರೆಯೋರೇ ಎಲ್ಲಾ ಮಾಡ್ಕೊಡ್ತೀವಿ ಅಂದ್ರು. ನಾನೇ ಬ್ಯಾಡ ಅಂದೆ."

"ಯಾಕಮ್ಮಿ?"

"ಅವ್ರ ಜೊತೆ ನಾನೂ ಬರ್ಬೇಕಾಗ್ತಿತ್ತಲ್ಲಕ್ಕ. ಬಂದಿದ್ರೆ, ನೀವು ಯಾರಾದ್ರೂ ನನ್ನ ವಾಪಸ್ ಕಳಿಸ್ತಿದ್ರಾ?"

ಕಳಿಸುತ್ತಿರಲಿಲ್ಲ. ಅವಳ ಪಾಸ್‌ಪೋರ್ಟನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದವಳೇ ನಾನು. ಒಂದು ವರ್ಷ ಕಾನೂನು ಅಂತ ನಾನು ಊರಿಗೆಲ್ಲ ಹೇಳಿಕೊಂಡು ಬಂದದ್ದು ನಮ್ಮ ಮೇಲಿನ ಅವಳ ಹೆದರಿಕೆ. ಅವಳು ಹೆದರಿದ್ದು ಯಾವುದೋ ಪರದೇಶಕ್ಕಲ್ಲ, ನಮಗೆ. 

ಆದರೂ ನಾನು ಸೋತೆ ಅಂದುಕೊಳ್ಳಲಿಲ್ಲ, ನನ್ನ ಹಟ ಅಂಥದ್ದು. ನನ್ನ ಹತ್ತಿರ ಇನ್ನೂ ಒಂದು ಮಾತು ಉಳಿದಿತ್ತು. ಉಡಿಗಾಲದ ಆ ತಾಯಿ ಕೇಳಿದ ಮಾತು. ಅದನ್ನು ಅವನ ಸಮಾಧಿಯ ಹತ್ತಿರವೇ ನಿಂತು ಕೇಳಬೇಕು, ಅಲ್ಲಿ ಇವಳ ಎದೆ ಕರಗದೆ ಇರುವುದಿಲ್ಲ ಎಂದು ಲೆಕ್ಕ ಹಾಕಿ ಇಟ್ಟುಕೊಂಡಿದ್ದೆ.

ಹೊರಡುವ ಹಿಂದಿನ ಭಾನುವಾರ ಬಸ್ಸು ಹತ್ತಿ ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋದೆವು. ಮಗುವನ್ನು ಪಕ್ಕದ ಮನೆಯ ಮುದುಕಿಯ ಹತ್ತಿರ ಬಿಟ್ಟಿದ್ದೆವು. ಸ್ಮಶಾನ ಅಂದರೆ ನಮ್ಮ ಹಾಗೆ ಮುಳ್ಳುಗಿಡ, ಒಡೆದ ಮಡಕೆ ಅಲ್ಲ. ಕತ್ತರಿಸಿದ ಹುಲ್ಲು, ಕೂರಲು ಬೆಂಚು, ಗಿಡಗಳಿಗೆ ನೀರು ಹಾಕುತ್ತ ತಿರುಗಾಡುವ ಜನ. ಅವನ ಕಲ್ಲು ಬೂದು ಬಣ್ಣದ್ದು, ಆಗತಾನೆ ನಿಲ್ಲಿಸಿದ್ದು. ಮೇಲೆ ಓಂ ನಮಃ ಶಿವಾಯ ಎಂದು ಕನ್ನಡದಲ್ಲಿ ಕೊರೆಸಿದ್ದಳು. ಅದರ ಕೆಳಗೆ ಇಂಗ್ಲಿಷಿನಲ್ಲಿ ಅವನ ಹೆಸರು. ಅದರ ಕೆಳಗೆ ಅರ್ಧ ಕಲ್ಲು ಖಾಲಿ.

ವಿಭೂತಿ ಗಟ್ಟಿಯನ್ನು ಪುಡಿ ಮಾಡಿ ಹುಲ್ಲಿನ ಮೇಲೆ ಉದುರಿಸಿದೆ. ಕಲ್ಲಿಗೂ ಮೂರು ಬೆರಳು ಎಳೆದೆ. ನಿಮ್ಮೂರಿನ ಮಣ್ಣು ತರಲಾಗಲಿಲ್ಲ, ತಪ್ಪು ತಿಳ್ಕೋಬೇಡಪ್ಪ ಎಂದು ಮನಸ್ಸಿನಲ್ಲೇ ಹೇಳಿದೆ. ತಂಗಿ ಕೈಕಟ್ಟಿ ನಿಂತಿದ್ದಳು. ಎದ್ದು ನಿಂತು ಕೇಳಿದೆ.

"ನಿಮ್ಮತ್ತೆ ಒಂದು ಮಾತು ಕೇಳವ್ರೆ. ನನ್ ಮಗನ್ ಪಕ್ಕ ಯಾರವ್ರೆ ಅಂತ. ನಂಗೆ ಉತ್ರ ಕೊಡಕ್ಕಾಗ್ಲಿಲ್ಲ. ಊರಲ್ಲಾಗಿದ್ರೆ ಅವನ ಹೊಲ, ಅವನ ಅಪ್ಪನ ಪಕ್ಕ. ಇಲ್ಲಿ ಗುರುತಿಲ್ದೋರ ಮಧ್ಯೆ ಒಬ್ಬನ್ನೇ ಮಲಗ್ಸಿದ್ದೀಯ. ಆದದ್ದು ಆಯ್ತು. ಆ ತಾಯಿಗೆ ಮಗನಂತೂ ಸಿಗ್ಲಿಲ್ಲ, ನೀವಿಬ್ರಾದ್ರೂ ಬನ್ನಿ."

"ಒಬ್ರೇ ಯಾಕೆ ಅಕ್ಕ?" ಅಂದಳು. "ನಾನಿಲ್ವಾ?"

"ನೀನಿರೋದು ಮನೇಲಿ."

"ಈಗ ಮನೇಲಿ" ಅಂದಳು. ಬಗ್ಗಿ, ಕಲ್ಲಿನ ಖಾಲಿ ಭಾಗಕ್ಕೆ ಅಂಟಿದ್ದ ವಿಭೂತಿಯನ್ನು ಸೆರಗಿನಿಂದ ಒರೆಸುವ ಹಾಗೆ ಕೋಟಿನ ತೋಳಿನಿಂದ ಒರೆಸಿದಳು. "ಇದು ನನ್ ಹೆಸರಿಗೆ ಬಿಟ್ಟಿರದು. ಇಲ್ಲಿ ಗಂಡ ಹೆಂಡ್ತಿಗೆ ಒಂದೇ ಗುಂಡಿ ಅಕ್ಕ. ಅವತ್ತೇ ಕೇಳಿದ್ರು, ಒಬ್ರಿಗಾ ಇಬ್ರಿಗಾ ಅಂತ. ಇಬ್ರಿಗೆ ಅಂದೆ. ಅದ್ಕೆ ಅವ್ರನ್ನ ಆಳಕ್ಕೆ ಇಟ್ಟವ್ರೆ, ಮೇಲೆ ನಂಗೆ ಜಾಗ ಇರ್ಲಿ ಅಂತ."

ನಾನು ಕಲ್ಲಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ.

"ನಮ್ಮಲ್ಲೂ ಹಂಗೇ ಅಲ್ವಾ? ಗಂಡನ್ ಹತ್ರಾನೇ ತಾನೆ?" ಎಂದು ಕೇಳಿದಳು. ವ್ಯಂಗ್ಯವಾಗಿ ಕೇಳಲಿಲ್ಲ. ಚಿಕ್ಕವಳಿದ್ದಾಗ ಬಾಯಿಪಾಠ ಒಪ್ಪಿಸಿ, ಸರಿಯಾ ಅಕ್ಕ ಎಂದು ಕೇಳುತ್ತಿದ್ದ ಹಾಗೆಯೇ ಕೇಳಿದಳು.

"ಬುಡ್ತು ಅನ್ನಮ್ಮಿ!" ಎಂದು ಕಿರುಚಿದೆ. ಗಿಡಗಳಿಗೆ ನೀರು ಹಾಕುತ್ತಿದ್ದವರು ತಿರುಗಿ ನೋಡಿದರು. "ಮೊದ್ಲು ಬುಡ್ತು ಅನ್ನು! ಇನ್ನೂ ಬಾಳಿ ಬದುಕ್ಬೇಕಾದೋಳು, ಎಂಥ ಮಾತಾಡ್ತೀಯ?" ಅವಳ ಎರಡೂ ಭುಜ ಹಿಡಿದು ಅಲುಗಾಡಿಸಿದೆ. ಅವಳು ಬಿಡ್ತು ಅನ್ನಲಿಲ್ಲ. ನನ್ನನ್ನು ಬೆಂಚಿನ ಹತ್ತಿರ ನಡೆಸಿಕೊಂಡು ಹೋಗಿ ಕೂರಿಸಿ, ಆಸ್ಪತ್ರೆಯಲ್ಲಿ ಯಾರದೋ ಮನೆಯವರನ್ನು ಸಂತೈಸುವ ಹಾಗೆ ಬೆನ್ನು ಸವರಿದಳು. ನಾನು ಅವಳನ್ನು ಸಾಕಿದವಳು. ಅವಳು ಯಾವ ಮನೆಯಲ್ಲಿ ಇರಬೇಕು ಎಂಬ ಮಾತಾಡಲು ಸಮುದ್ರ ದಾಟಿ ಬಂದಿದ್ದೆ, ಅವಳು ಅದರ ಆಚೆಯದನ್ನೂ ಒಬ್ಬಳೇ ನಿಂತು ಮುಗಿಸಿಬಿಟ್ಟಿದ್ದಳು. ನನ್ನ ಹತ್ತಿರ ಇದ್ದ ಕೊನೆಯ ಮಾತೂ ಆಗಿಹೋಗಿತ್ತು.  ವಾಪಸ್ ಬಂದು ಬಸ್ಸಿನಿಂದ ಇಳಿಯುವಾಗ ಅವಳು ಡ್ರೈವರಿಗೆ ಥ್ಯಾಂಕ್ಸ್ ಹೇಳಿದಳು, ನಾನು ಹೇಳಲಿಲ್ಲ.

ಒಬ್ಬಳೇ ವಾಪಸ್ ಬಂದೆ. ಬೆಂಗಳೂರಿನಲ್ಲಿ ಕಾದಿದ್ದ ಯಜಮಾನರು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಲಿಲ್ಲ, ಪೆಟ್ಟಿಗೆ ತೆಗೆದುಕೊಂಡು ನಡೆದರು. ದಾರಿಯುದ್ದಕ್ಕೂ ಒಂದೂ ಪ್ರಶ್ನೆ ಕೇಳಲಿಲ್ಲ. ಆ ಮನುಷ್ಯ ನನಗೆ ಮಾಡಿದ ಉಪಕಾರಗಳಲ್ಲಿ ಅದೇ ದೊಡ್ಡದು.

ಉಡಿಗಾಲಕ್ಕೆ ಹೋಗಲು ಮುಖವಿರಲಿಲ್ಲ. ಆದರೂ ಹೋದೆ. ತಂಗಿಯ ಅತ್ತೆ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ನನ್ನನ್ನು ಕಂಡೊಡನೆ, "ಬತ್ತಾಳಾ?" ಅಂದರು.

"ಇಲ್ಲ ಕಣತ್ತೆ."

ಮಣ್ಣು ಕಸಕ್ಕೆ ಹೋದದ್ದನ್ನು ಹೇಳಿದೆ. ಮಲಗಿಸಿಯೇ ಹೂಳಿದ್ದಾರೆ ಎಂದೂ ಹೇಳಿದೆ. ಆಮೇಲೆ ಆ ಗುಂಡಿಯ ವಿಷಯ. ಆಕೆ ಮೊರ ಕೆಳಗಿಟ್ಟರು. "ಹಂಗಾದ್ರೆ ನನ್ ಮಗ ಒಬ್ನೇ ಅಲ್ಲ" ಅಂದರು. "ಅಷ್ಟ್ ಮಾಡವ್ಳಲ್ಲ, ಬುಡು." ಆಮೇಲೆ ಅತ್ತರು. ಆಕೆಗೆ ಸಿಕ್ಕ ಅಷ್ಟು ಸಮಾಧಾನವೂ ನನಗೆ ಸಿಗಲಿಲ್ಲ. ಸಿಟ್ಟು ಮಾತ್ರ ಬಂತು, ಆಕೆಯ ಮೇಲೂ, ತಂಗಿಯ ಮೇಲೂ, ಸತ್ತವನ ಮೇಲೂ.

ಮುಂದಿನ ಮಳೆಗಾಲದಲ್ಲಿ ಆಕೆಯೂ ತೀರಿಕೊಂಡರು. ಗಂಡನ ಪಕ್ಕದಲ್ಲೇ ಕೂರಿಸಿ ಮಣ್ಣು ಕೊಟ್ಟರು. ತಂಗಿ ಬರಲಿಲ್ಲ, ಬರುತ್ತಾಳೆಂದು ಯಾರೂ ಕಾಯಲೂ ಇಲ್ಲ. ಆ ಭಾನುವಾರ ಎಂದಿನಂತೆ ಫೋನ್ ಮಾಡಿದಳು. ಅತ್ತೆಯ ಬಗ್ಗೆ ಕೇಳಿದಳು, ಸ್ವಲ್ಪ ಅತ್ತಳು. ಮಗಳು ಅಲ್ಲಿಯ ಭಾಷೆಯ ಹಾಡಿನಲ್ಲಿ ಬಹುಮಾನ ತೆಗೆದುಕೊಂಡಿದ್ದನ್ನು ಹೇಳಿದಳು. ಯಾವಾಗ ಬರ್ತೀಯ ಎಂದು ಕೇಳುವುದನ್ನು ನಾನು ಆ ಹೊತ್ತಿಗಾಗಲೇ ಬಿಟ್ಟಿದ್ದೆ. ಅವತ್ತು ಮಾತ್ರ, ಸಾವಿನ ಮನೆಯಿಂದ ಬಂದಿದ್ದಕ್ಕೋ ಏನೋ, ತಡೆಯಲಾಗಲಿಲ್ಲ. ತಮಾಷೆ ಮಾಡುವವಳ ಹಾಗೆ ದನಿ ಹಗುರ ಮಾಡಿಕೊಂಡು, "ನಾನ್ ಸತ್ರಾದ್ರೂ ಬತ್ತೀಯಾ ಇಲ್ವಾ ಅಮ್ಮಿ?" ಅಂದೆ.

ಬಿಡ್ತು ಅನ್ನು ಎಂದು ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಸುಳ್ಳು ಹೇಳಲು ಅವಳಿಗೆ ನಾನು ಕಲಿಸಿರಲಿಲ್ಲ. ಆ ಕಡೆ ಯೋಚನೆ ಮಾಡುತ್ತಿದ್ದಳು.

"ರಜ ಕೊಟ್ರೆ ಬತ್ತೀನಿ ಕಣಕ್ಕ" ಅಂದಳು.